ಕೆಂಪು ಕಾಣದ ಕಾಲು

ಜ್ವರದಲ್ಲಿ ನಡುಗುತ್ತಿದ್ದ ಅವ್ವ ಇಜಾಬೆಲ್‌ಳನ್ನು ಸಿಲ್ವಿಯಾ ಹಳಿಯಾಳದ ಒಂದು ದವಾಖಾನೆಗೆ ಕರೆತಂದಿದ್ದಳು. ಗದ್ದೆಯಲ್ಲಿ ಮುಳ್ಳು ಚುಚ್ಚಿದ ಅವ್ವನ ಕಾಲು ಮೂರು ದಿನದಿಂದ ಬಾತಿತ್ತು. ಹೊಸ ಡಾಕ್ಟರು ಕುರ್ಚಿಯಿಂದಲೇ ಇಣುಕಿ ನೋಡಿ, ‘ಎರಿಥಿಮಾ ಇಲ್ಲ’ ಎಂದು ಬರೆದು, ನೋವಿನ ಗುಳಿಗೆ ಕೊಟ್ಟು ಕಳಿಸಲು ಹೊರಟರು.

ನರ್ಸಿಂಗ್ ಓದುತ್ತಿದ್ದ ಸಿಲ್ವಿಯಾಗೆ ಆ ಪದ ಗೊತ್ತಿತ್ತು. ಚರ್ಮ ಕೆಂಪಾಗುವುದು ಎಂದರ್ಥ. ಅವಳಿಗೆ ಸಿಟ್ಟು ನೆತ್ತಿಗೇರಿತು.

“ನಾವು ಸಿದ್ದಿಗಳ್ರೀ ಸರ. ನಮ್ಮ ಮೈಮ್ಯಾಲೆ ಕೆಂಪು ಹೆಂಗ ಕಾಣಬೇಕು? ಕಪ್ಪು ಇನ್ನಷ್ಟು ಕಪ್ಪಾಗತೈತಿ, ಅಷ್ಟ. ಮುಟ್ಟಿ ನೋಡ್ರಿ!”

“ಸೋಂಕಿದ್ದರೆ ಕೆಂಪು ಕಾಣಬೇಕಮ್ಮ. ಪುಸ್ತಕದಲ್ಲೇ ಇದೆ,” ಎಂದರು ಡಾಕ್ಟರು.

“ನಿಮ್ಮ ಪುಸ್ತಕದಾಗಿನ ಕಾಲೆಲ್ಲಾ ಬಿಳೀವು. ನಮ್ಮವ್ವನ ಕಾಲು ಇಲ್ಲೈತಿ. ನೀವು ಮುಟ್ಟೂತನಕಾ ನಾ ಏಳೂದಿಲ್ಲ.”

ಡಾಕ್ಟರು ಕೊನೆಗೆ ಎದ್ದು ಬಂದು ಕೈಯಿಟ್ಟರು. ಕಾಲು ಕಾದ ಹಂಚಿನಂತೆ ಸುಡುತ್ತಿತ್ತು. ಬಿಗಿದ ಚರ್ಮ ಮೊಣಕಾಲಿನವರೆಗೂ ಹೊಳೆಯುತ್ತಿತ್ತು. ಅವರು ಅವ್ವನನ್ನು ದಾಖಲು ಮಾಡಿಕೊಂಡು, ಸಲಾಯಿನ್ ಹಚ್ಚಿಸಿ ಸೋಂಕಿನ ಔಷಧ ಶುರು ಮಾಡಿದರು.

ಐದನೇ ದಿನ ಬಾವು ಇಳಿದು ಮನೆಗೆ ಹೊರಟಾಗ ಅವ್ವ ಡಾಕ್ಟರಿಗೆ ಕೈಮುಗಿದಳು. ಸಿಲ್ವಿಯಾ ಕೈಮುಗಿಯಲಿಲ್ಲ.