ಫಕೀರವ್ವ ಆರಿಸಿದ ಕ್ಯಾಮೆರಾ

ರೋಣದ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಕ್ಯಾಮೆರಾ ಅಂಗಡಿ, ಹಿಂದಿನ ಕೋಣೆಯಲ್ಲಿ ಸ್ಟುಡಿಯೋ. ಮೂವತ್ತು ವರ್ಷದಿಂದ ಇದೇ ಕಸುಬು. ಹಾಗಾಗಿ ಯಾವ ಕ್ಯಾಮೆರಾ ಒಳ್ಳೆಯದು ಎಂದು ಗಿರಾಕಿಗಳು ನನಗೇ ಹೇಳಲು ಬಂದರೆ ಸಿಟ್ಟು ನೆತ್ತಿಗೇರುತ್ತದೆ. ಮೆಗಾಪಿಕ್ಸೆಲ್ ಎಂದರೆ ಏನೆಂದು ಗೊತ್ತಿಲ್ಲದವರೇ 'ಎಷ್ಟು ಮೆಗಾಪಿಕ್ಸೆಲ್ ಐತ್ರಿ' ಎಂದು ಮೊದಲು ಕೇಳುವುದು. ಅಂಥವರನ್ನು ಕೂರಿಸಿಕೊಂಡು ನಾನು ಅರ್ಧ ತಾಸು ಪಾಠ ಮಾಡುತ್ತೇನೆ, ಅವರು ಚಹಾ ಕುಡಿದು ಎದ್ದು ಹೋಗುತ್ತಾರೆ.

ಆ ಬುಧವಾರ ಲಕ್ಕಲಕಟ್ಟಿಯ ಫಕೀರವ್ವ ಮೊಮ್ಮಗಳು ಭಾಗ್ಯಾಳನ್ನು ಕರೆದುಕೊಂಡು ಬಂದಾಗ ಮಾತ್ರ ನನಗೆ ಸಿಟ್ಟು ಮಾಡಲು ಮುಖವಿರಲಿಲ್ಲ. ಎರಡು ತಿಂಗಳ ಹಿಂದೆ ವರನ ಕಡೆಯವರಿಗೆ ಕಳಿಸಲು ಭಾಗ್ಯಾಳ ಫೋಟೋ ತೆಗೆದವನು ನಾನೇ. ಹುಡುಗಿಗೆ ಒಳ್ಳೆಯದಾಗಲಿ ಎಂದು ಕಂಪ್ಯೂಟರಿನಲ್ಲಿ ಅವಳ ಮೈಬಣ್ಣ ಬೆಳ್ಳಗೆ ಮಾಡಿದೆ, ಗದ್ದದ ಮೇಲಿನ ಮಚ್ಚೆ ಅಳಿಸಿದೆ. ಆ ಫೋಟೋ ಮೆಚ್ಚಿ ಬಂದವರು ಅವಲಕ್ಕಿ ತಿಂದು, ಎದುರಿಗೇ ಕೂತಿದ್ದ ಭಾಗ್ಯಾಳನ್ನು ನೋಡಿ 'ಹುಡುಗಿ ಎಲ್ಲಿ' ಎಂದು ಕೇಳಿದರಂತೆ. ಇವಳೇ ಎಂದಾಗ ಕೈ ತೊಳೆದುಕೊಂಡು ಹೋದರಂತೆ.

"ರಾಯರ, ಫೋಟೋ ತಗಸಾಕ ಬಂದಿಲ್ರಿ," ಎಂದಳು ಫಕೀರವ್ವ. "ಕ್ಯಾಮೆರಾನ ಕೊಡ್ರಿ. ನಾವ ತಕ್ಕೋತೀವಿ."

"ಮನ್ಯಾಗ ಮೊಬೈಲ್ ಇಲ್ಲೇನು?"

"ಐತ್ರಿ. ಅದೂ ನಿಮ್ಮಂಗ ಸುಳ್ಳ ಹೇಳತೈತಿ."

ನರೇಗಲ್ಲಿನಿಂದ ಇನ್ನೊಂದು ಸಂಬಂಧ ಬಂದಿತ್ತು. ಹುಡುಗ ಸಿದ್ದರಾಮೇಶ ಅಲ್ಲಿನ ಶಾಲೆಯೊಂದರಲ್ಲಿ ಮಾಸ್ತರ, ಅವನ ಫೋಟೋ ಇವರಿಗೆ ಆಗಲೇ ಬಂದಿತ್ತು. ಸಂಜೆಯೊಳಗೆ ಭಾಗ್ಯಾಳ ಫೋಟೋ ಅವನಿಗೆ ಮುಟ್ಟಬೇಕಿತ್ತು.

"ಈ ಸಲ ಫೋಟೋದಾಗ ನಾನ ಇರಬೇಕ್ರಿ, ಕಾಕಾ," ಎಂದಳು ಭಾಗ್ಯಾ, ತಲೆ ಎತ್ತದೆ. "ಇನ್ನೊಮ್ಮೆ ಹಂಗಾದ್ರ ನನಗ ಮದವಿನ ಬ್ಯಾಡ."

ಮೂರು ಕ್ಯಾಮೆರಾ ತಂದು ಮೇಜಿನ ಮೇಲಿಟ್ಟು, ಲೆನ್ಸು, ಜೂಮು ಎಂದು ಪಾಠ ಶುರುಮಾಡಿದೆ. ಫಕೀರವ್ವ ಕೇಳಿಸಿಕೊಳ್ಳಲೇ ಇಲ್ಲ. ಬುತ್ತಿ ಗಂಟು ಬಿಚ್ಚಿ ಒಂದು ಜೋಳದ ರೊಟ್ಟಿ ತೆಗೆದು ಭಾಗ್ಯಾಳ ಕೈಗೆ ಕೊಟ್ಟಳು. "ಇದನ್ನ ಗದ್ದದ ಹಂತೇಕ ಹಿಡಕೊಂಡು ನಿಂದರು." ಮುಂಜಾನೆ ತಾನೇ ಬಡಿದು ಸುಟ್ಟ ರೊಟ್ಟಿ, ಅದರ ಬಣ್ಣ ಅವಳಿಗಿಂತ ಹೆಚ್ಚು ಯಾರಿಗೆ ಗೊತ್ತು?

ಮೊದಲು ನನ್ನ ಅಂಗಡಿಯ ಅತಿ ದೊಡ್ಡ ಕ್ಯಾಮೆರಾದಲ್ಲಿ ಒತ್ತಿದಳು. ಹೇಗೆ ಒತ್ತಬೇಕೆಂದು ನನ್ನಿಂದ ತೋರಿಸಿಕೊಂಡಳೇ ಹೊರತು ನನ್ನ ಕೈಗೆ ಅದನ್ನು ಕೊಡಲಿಲ್ಲ. ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಇದ ಜ್ವಾಳದ್ದಲ್ರಿ, ಮೈದಾದ್ದಾಗೇತಿ." ಬೆಳಕು ಹೆಚ್ಚಾಗಿದೆ, ಕಡಿಮೆ ಮಾಡಬಹುದು ಎಂದೆ. ಅವಳು ಅದನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ಸರಿಸಿದಳು.

ಎರಡನೆಯದರಲ್ಲಿ ರೊಟ್ಟಿ ಇದ್ದ ಹಾಗೇ ಬಂತು, ಹೊತ್ತಿದ ಕಲೆಗಳನ್ನೂ ಎಣಿಸಬಹುದಿತ್ತು. ನಾನು ಎದೆಯುಬ್ಬಿಸಿದೆ.

"ರೊಟ್ಟಿ ಕಲಿ ಎಲ್ಲಾ ಅದಾವು," ಎಂದಳು ಫಕೀರವ್ವ. "ಹುಡುಗಿ ಮಚ್ಚಿ ಎಲ್ಲಿ ಹೋತ್ರಿ?"

ಬಗ್ಗಿ ನೋಡಿದೆ. ಖರೇ, ಮಚ್ಚೆ ಇರಲಿಲ್ಲ. ಮನುಷ್ಯರ ಮುಖ ಕಂಡರೆ ಈ ಕ್ಯಾಮೆರಾ ತಾನಾಗಿಯೇ ನುಣ್ಣಗೆ ಮಾಡುತ್ತದೆ, ರೊಟ್ಟಿಗೆ ಆ ಉಪಕಾರ ಮಾಡುವುದಿಲ್ಲ. ಇದನ್ನೇ ಹತ್ತಾರು ಜನಕ್ಕೆ ಹೊಗಳಿ ಕೊಟ್ಟಿದ್ದೆ.

"ಅದಕ್ಕ ಬಟನ್ ಅದ, ಫಕೀರವ್ವ. ಬಂದ್ ಮಾಡ್ಲಿಕ್ಕೆ ಬರ್ತದ."

"ಬಂದ್ ಮಾಡೂ ಬಟನ್ ಇದ್ದಮ್ಯಾಲ ಚಾಲೂ ಮಾಡವ್ರೂ ಇರ್ತಾರ್ರಿ," ಎಂದು ನನ್ನನ್ನೇ ನೋಡಿದಳು. ಆ ಕ್ಯಾಮೆರಾವನ್ನು ನಾನೇ ಪಕ್ಕಕ್ಕೆ ಸರಿಸಿದೆ.

ಮೂರನೆಯದು ನಾಲ್ಕು ವರ್ಷದಿಂದ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಪುಟ್ಟ ಕ್ಯಾಮೆರಾ. ಅದರಲ್ಲಿ ರೊಟ್ಟಿ ರೊಟ್ಟಿಯಾಗಿತ್ತು, ಭಾಗ್ಯಾ ಭಾಗ್ಯಾ ಆಗಿದ್ದಳು. ಎಣ್ಣೆಗಪ್ಪು ಬಣ್ಣ, ಅಗಲ ಕಣ್ಣು, ಗದ್ದದ ಮೇಲೆ ಮಚ್ಚೆ. ಅವಳೇ ಬಂದು ಪರದೆಗೆ ಬಗ್ಗಿ ನೋಡಿದಳು. "ಇಕಿ ನಾನ, ಆಯಿ," ಎಂದು ನಕ್ಕಳು. "ಇದನ್ನ ಕೊಡ್ರಿ," ಎಂದು ಫಕೀರವ್ವ ಮತ್ತೊಮ್ಮೆ ಒತ್ತಿಯೇಬಿಟ್ಟಳು. ರೊಟ್ಟಿ ಹಿಡಿದು ನಗುತ್ತಿದ್ದ ಆ ಫೋಟೋವನ್ನೇ ಮೊಬೈಲಿಗೆ ಹಾಕಿಸಿಕೊಂಡು, ನನ್ನ ಅಂಗಡಿಯಿಂದಲೇ ನರೇಗಲ್ಲಿಗೆ ಕಳಿಸಿದರು.

ಚಹಾ ತರಿಸಿದೆ. ಭಾಗ್ಯಾ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಲಕ್ಕಲಕಟ್ಟಿಯ ಬಸ್ಸು ಬಂದು ಹೋಯಿತು, ಅವರು ಏಳಲಿಲ್ಲ. ನನಗೂ ಗಿರಾಕಿಗಳ ಕಡೆ ಲಕ್ಷ್ಯವಿರಲಿಲ್ಲ.

ಮೊಬೈಲ್ ಗುಂಯ್ ಎಂದಿತು. ಸಿದ್ದರಾಮೇಶನಿಂದ ಒಂದು ಫೋಟೋ ಬಂದಿತ್ತು. ಬಿಸಿಲಲ್ಲಿ ನಿಂತ ಯುವಕ, ನಾಚಿಕೆಯ ನಗು, ತಲೆಯ ಮೇಲೆ ಒಂದು ಕೂದಲೂ ಇಲ್ಲ. ಕೆಳಗೆ ಬರೆದಿದ್ದನ್ನು ಭಾಗ್ಯಾ ಓದಿದಳು. "ನಾ ಮೊದಲ ಕಳಿಸಿದ ಫೋಟೋದಾಗಿನ ಕೂದಲ ಸ್ಟುಡಿಯೋದವ್ರು ಹಚ್ಚಿದ್ದು. ನಿಮ್ಮ ಫೋಟೋ ನೋಡಿ ನನಗ ಧೈರ್ಯ ಬಂತು. ನೀವು ನನಗ ಭಾಳ ಮನಸಿಗಿ ಬಂದೀರಿ. ನಾ ಹಿಂಗದೀನಿ, ನೋಡಿ ಹೇಳ್ರಿ."

ಫಕೀರವ್ವ ಎರಡು ಬೆರಳಿನಿಂದ ಆ ತಲೆಯನ್ನು ದೊಡ್ಡದು ಮಾಡಿ ಪರೀಕ್ಷಿಸಿದಳು. "ದುಂಡಗ ಚಲೋ ಐತಿ," ಎಂದಳು.

ಭಾಗ್ಯಾ ಕಣ್ಣೊರೆಸಿಕೊಂಡು ನಗುತ್ತಲೇ ಮೊಬೈಲ್ ಕಸಿದುಕೊಂಡಳು. ತಾನೇ ಉತ್ತರ ಬರೆದು ನಮಗೆ ಓದಿ ಹೇಳಿದಳು.

"ಐತವಾರ ಬರ್ರಿ. ಟೊಪ್ಪಿಗಿ ಹಾಕ್ಕೊಂಡು ಬರಬ್ಯಾಡ್ರಿ."