ಮೂಗಿಗೆ ರಜ

ಎರಡನೆಯ ಬಾಟಲಿಯ ಮುಚ್ಚಳ ತೆಗೆದು, ಗಾಳಿಗೊಮ್ಮೆ ಹೊಡೆದು ಮೂಸಿದ ಮಗಳು ಮುಖ ಕಿವುಚಿದಳು.

"ಇದು ಬಾತ್‌ರೂಮಿಗೆ ಹೊಡೆಯೋದು ಅತ್ತಿಗೆ. ಅಮ್ಮನ ಹತ್ತಿರ ಇದನ್ನ ಹೊಡೆಯೋಕಾಗುತ್ತಾ?"

ಅತ್ತಿಗೆ ಕಪಾಟಿನಿಂದ ಇನ್ನೊಂದನ್ನು ತೆಗೆದುಕೊಟ್ಟಳು. ಒಳಗೆ ಅಂಥವು ಬೇಕಾದಷ್ಟಿದ್ದವು, ಹೆಚ್ಚಿನವು ಸೀಲು ಕೂಡ ಒಡೆಯದವು. ಅಮ್ಮ ದೊಡ್ಡ ಅಂಗಡಿಯೊಂದರ ಸುಗಂಧದ ಕೌಂಟರಿನಲ್ಲಿ ನಿಂತು ಆಯುಷ್ಯ ಕಳೆದವಳು. ಬೀದಿಯವರಿಗೆಲ್ಲ ಅವಳು ಸೆಂಟಕ್ಕ. ಆ ಹೆಸರಿಟ್ಟ ತಪ್ಪಿಗೆ ಎಲ್ಲರೂ ಸೆಂಟನ್ನೇ ಉಡುಗೊರೆ ಕೊಡುತ್ತಿದ್ದರು. ಮಿಠಾಯಿ ಅಂಗಡಿಯವನಿಗೆ ಮಿಠಾಯಿ ಕೊಟ್ಟ ಹಾಗೆ.

ಅಮ್ಮನನ್ನು ಹೊರಗಿನ ಕೋಣೆಯಲ್ಲಿ ಮಲಗಿಸಿದ್ದರು. ಮೈ ಒರೆಸಿ, ಹೊಸ ಬಟ್ಟೆ ಉಡಿಸಿ, ಹಾಸಿಗೆ ಬದಲಿಸಿದ್ದರೂ ಆ ಕೋಣೆಯಿಂದ ಮುಲಾಮು, ಔಷಧಿ, ಬಹಳ ದಿನ ಮಲಗಿದ ಮೈಯ ವಾಸನೆ ಹೋಗಿರಲಿಲ್ಲ. ನೋಡಲು ಬಂದವರ ಕೈ ಬಾಗಿಲಲ್ಲೇ ಮೂಗಿಗೆ ಹೋಗುತ್ತಿತ್ತು. ಹೋದದ್ದು ಗೊತ್ತಾಗಬಾರದೆಂದು ಅದೇ ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದು ಬೇಡ, ನೆಲ ಒರೆಸಿದ ಹಾಗಿದೆ," ಎಂದು ನಿಂಬೆಯದನ್ನು ಪಕ್ಕಕ್ಕಿಟ್ಟ ಮಗಳು ಕೊನೆಗೆ ತನ್ನ ಚೀಲದಿಂದಲೇ ಒಂದು ಪುಟ್ಟ ಬಾಟಲಿ ತೆಗೆದಳು. "ಇದು ನಂದು. ಮೈಗೆ ಹಾಕೋದು. ಒಳ್ಳೇದು."

"ನೋಡು," ಅಂದಳು ಅತ್ತಿಗೆ. "ಉಸಿರು ಕಟ್ಟುತ್ತೆ ಅಂತ ಡಾಕ್ಟರು ಹೇಳಿದಾಗಿಂದ ಈ ಮನೇಲಿ ಒಂದು ಹನಿ ಹೊಡೆದಿಲ್ಲ ನಾನು. ಸೊಳ್ಳೆಗೆ ಕೂಡ. ಇನ್ನು ಕಟ್ಟೋಕೆ ಉಸಿರೆಲ್ಲಿದೆ, ಹೊಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಮಾತ್ರ ಇತ್ತು. ಮಗಳಿಗೆ ಅದೇ ಹೆಚ್ಚು ಚುಚ್ಚಿತು.

* * *

ಅಮ್ಮನಿಗೆ ಮದುವೆಯಾದ ಬಗೆಯನ್ನು ಮನೆಯವರೆಲ್ಲ ಬಾಯಿಪಾಠ ಮಾಡಿದ್ದರು. ಒಂದು ಮಧ್ಯಾಹ್ನ ತಲೆಗೂದಲು ಒದ್ದೆಯಾಗಿದ್ದ ಯುವಕನೊಬ್ಬ ಕೌಂಟರಿಗೆ ಬಂದು, ಗಾಜಿನಿಂದ ಮಾರು ದೂರ ನಿಂತು, ಎಲ್ಲಕ್ಕಿಂತ ಗಾಢವಾದದ್ದು ಯಾವುದೆಂದು ಕೇಳಿದ. ಯಾತಕ್ಕೆ ಎಂದು ಅವಳು ವಿಚಾರಿಸಿದಳು. ಊರಿನ ಕೊಳಚೆ ನೀರೆತ್ತುವ ಪಂಪ್‌ಹೌಸಿನಲ್ಲಿ ತನಗೆ ಕೆಲಸ, ಸಂಜೆ ಹುಡುಗಿ ನೋಡಲು ಹೋಗಬೇಕು ಎಂದ.

ಅವಳು ಕಾಗದದ ಪಟ್ಟಿಗಳ ಮೇಲೆ ಒಂದಾದ ಮೇಲೊಂದು ಹೊಡೆದು ಮೂಸಲು ಕೊಟ್ಟಳು. ಅವನಿಗೆ ಯಾವುದೂ ಗಾಢವೆನಿಸಲಿಲ್ಲ. ಕೊನೆಗೆ ಅವಳು, ಸೆಂಟು ಹಾಕಿದರೆ ಎರಡು ವಾಸನೆ ಆಗುತ್ತದೆಯೇ ಹೊರತು ಒಂದು ಹೋಗುವುದಿಲ್ಲ, ಸೋಪು ಹಾಕಿ ಇನ್ನೊಂದು ಸಲ ಸ್ನಾನ ಮಾಡಿ ಕೆಲಸ ಏನೆಂದು ನೇರವಾಗಿ ಹೇಳಿಬಿಡಿ ಎಂದಳು. ಅವನು ಹಾಗೇ ಮಾಡಿದ. ಹುಡುಗಿಯ ಕಡೆಯವರು ಕೊಟ್ಟ ಕಾಫಿ ಮುಗಿಯುವುದರೊಳಗೆ ಸಂಬಂಧ ಮುರಿದುಬಿತ್ತು. ವಾರ ಕಳೆದು ಅದನ್ನು ವರದಿ ಮಾಡಲು ಅವನು ಮತ್ತೆ ಕೌಂಟರಿಗೆ ಬಂದ.

"ನನ್ನ ಮಾತು ಕಟ್ಕೊಂಡು ಹೆಣ್ಣು ಕಳಕೊಂಡ. ನಷ್ಟ ತುಂಬಿಕೊಡಬೇಕಲ್ಲ," ಎಂದು ಅಮ್ಮ ನಗುತ್ತಿದ್ದಳು.

* * *

ಈಗ ಅಪ್ಪ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಮಗಳು ಬಾಟಲಿ ತೋರಿಸಿ ಇದನ್ನು ಹಾಕಲೇ ಎಂದಳು. ಅವನಿಗೆ ಅದು ಮೊದಲು ಅರ್ಥವಾಗಲಿಲ್ಲ. ಔಷಧಿಯೆಂದುಕೊಂಡು, ಆಯ್ತಲ್ಲ, ಇನ್ನೇನು ಎಂದ. ಅವಳು ಮತ್ತೆ ಹೇಳಿದಳು.

"ಭಾನುವಾರ ನಿಮ್ಮಮ್ಮ ಏನೂ ಹಾಕ್ಕೊಳ್ತಿರಲಿಲ್ಲ," ಅಂದ ಅಪ್ಪ. "ಇವತ್ತು ಮೂಗಿಗೆ ರಜ ಅಂತಿದ್ಳು." ಆಮೇಲೆ, "ನಿನ್ನಿಷ್ಟ ಕಣಮ್ಮ. ನಂಗೇನೂ ತೋಚ್ತಿಲ್ಲ," ಎಂದು ಕಣ್ಣು ಮುಚ್ಚಿದ.

* * *

ಮಗಳು ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಗೆಳತಿಯರು ಮನೆಗೆ ಬರುವವರಿದ್ದರು. ಗೂಟಕ್ಕೆ ನೇತುಹಾಕಿದ್ದ ಅಪ್ಪನ ಕೆಲಸದ ಅಂಗಿಗೆ ಅವಳು ಅಮ್ಮನ ಸ್ಯಾಂಪಲ್ ಬಾಟಲಿಯನ್ನು ಪೂರ್ತಿ ಖಾಲಿ ಮಾಡಿದಳು. ಸಂಜೆ ಅಮ್ಮ ಬಂದಳು. ಕುರ್ಚಿಯಿಲ್ಲದ ಕೌಂಟರಿನಲ್ಲಿ ದಿನವಿಡೀ ನಿಂತ ಕಾಲು ಊದಿಕೊಂಡಿತ್ತು. ಬೈಯಲಿಲ್ಲ. ಅಂಗಿಯನ್ನು ಬಕೆಟ್ಟಿಗೆ ಹಾಕಿ ಒಗೆದಳು, ಮೂಸಿದಳು, ಮತ್ತೆ ಒಗೆದಳು. ಹಿಂಡುವಾಗ ಒಂದು ತುದಿ ಮಗಳ ಕೈಗೆ ಕೊಟ್ಟಳು.

"ಅಪ್ಪನ ವಾಸನೆ ಹೋಗಲಿ ಅಂತ ಹಾಕಿದೆ," ಅಂದಳು ಹುಡುಗಿ.

"ನಾನೀಗ ಒಗೆದಿದ್ದು ನಿನ್ನ ವಾಸನೆ," ಅಂದಳು ಅಮ್ಮ. "ಬೆಳಗಿಂದ ಅದರಲ್ಲೇ ಮುಳುಗಿ ಬಂದಿದೀನಿ ಮಗಳೇ. ಮನೇಲೂ ಬೇಡ. ತಿರುಚು, ಗಟ್ಟಿಯಾಗಿ."

ಅಂದು ತಿರುಚಿದಳೇ ಹೊರತು ಮಗಳ ನಾಚಿಕೆ ಹೋಗಲಿಲ್ಲ. ಬೆಳೆದು ಮದುವೆ ನಿಶ್ಚಯವಾದಾಗ, ಪಂಪ್‌ಹೌಸಿನವರನ್ನು ಕರೆಯುವುದು ಬೇಡ, ಗಂಡಿನ ಕಡೆಯವರು ಒಂಥರಾ ಎಂದಳು. ಅಪ್ಪ ಸರಿ ಎಂದ. ಮದುವೆಯ ಮರುದಿನ ಅಮ್ಮ ಅಲ್ಲಿ ಕೆಲಸ ಮಾಡುವ ಆರೂ ಜನರಿಗೆ ಆಗುವಷ್ಟು ಅಡುಗೆ ಮಾಡಿ, ಎರಡು ಬಸ್ಸು ಬದಲಿಸಿ ಪಂಪ್‌ಹೌಸಿಗೆ ಹೊತ್ತುಕೊಂಡು ಹೋಗಿ, ಅಲ್ಲೇ ಅವರೊಂದಿಗೆ ಕೂತು ಉಂಡು ಬಂದಳು. ಅದು ಮಗಳಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಅತ್ತಿಗೆಯ ಬಾಯಲ್ಲಿ.

* * *

ಅಮ್ಮನನ್ನು ಒಯ್ಯಲು ಬಂದ ಗಾಡಿ ಓಣಿಯೊಳಗೆ ಬರಲಾಗದೆ ರಸ್ತೆಯ ತುದಿಯಲ್ಲೇ ನಿಂತಿತು. ಅಲ್ಲಿಯ ತನಕ ಹೊರಬೇಕಿತ್ತು. ಮನೆಯ ಮಗ, ಅತ್ತಿಗೆಯ ಗಂಡ, ಜನ ಎಣಿಸುತ್ತಿದ್ದ. ನೆಂಟರಲ್ಲಿ ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಎದೆಯ ಆಪರೇಶನ್ ಆಗಿತ್ತು.

ಆಗ ಗೇಟಿನ ಹೊರಗೆ ನಾಲ್ವರು ಬಂದು ನಿಂತದ್ದನ್ನು ಮಗಳು ಕಂಡಳು. ಮೊಣಕಾಲುದ್ದದ ರಬ್ಬರ್ ಬೂಟು, ಬಣ್ಣ ಹೋದ ಸಮವಸ್ತ್ರ. ಬೀದಿಯ ನಲ್ಲಿಯಲ್ಲಿ ಬೂಟು ತೊಳೆದುಕೊಂಡರು. ತೊಳೆದ ಮೇಲೂ ಒಳಗೆ ಬರದೆ ಕಾಂಪೌಂಡಿಗೆ ಒರಗಿ ನಿಂತರು. ಗೇಟಿನ ಬಳಿಯಿದ್ದ ಹೆಂಗಸರು ಮಾತಾಡುತ್ತಲೇ ಎರಡು ಹೆಜ್ಜೆ ಸರಿದರು.

ಮಗಳು ಹೊರಗೆ ಬಂದಳು. ಬಾಟಲಿ ಇನ್ನೂ ಕೈಯಲ್ಲೇ ಇತ್ತು. ಅವರಲ್ಲಿ ಹಿರಿಯವನು, ಅಪ್ಪನ ಕೈಕೆಳಗೆ ಕೆಲಸ ಕಲಿತವನು, ಮೊದಲು ಅವಳ ಮುಖ ನೋಡಿದ, ಆಮೇಲೆ ಬಾಟಲಿ ನೋಡಿದ.

"ಪಾಳಿ ಮಧ್ಯೆ ಬಂದ್ವಿ, ಬಟ್ಟೆ ಬದಲಾಯಿಸೋಕೆ ಆಗಲಿಲ್ಲ," ಎಂದ. "ಹೊಡೆಯೋದಿದ್ರೆ ಹೊಡಿಯಮ್ಮ. ನಾವೇನೂ ಅಂದ್ಕೊಳಲ್ಲ."

ಅವನು ಅದನ್ನು ವ್ಯಂಗ್ಯವಾಗಿ ಹೇಳಿರಲಿಲ್ಲ. ಅಂಥದ್ದು ಅಭ್ಯಾಸವಾದವರ ಮಾತು. ಮಗಳಿಗೆ ಅಳು ಬರಲಿಲ್ಲ. ಅದಕ್ಕೆ ಬೇಕಾದ ತ್ರಾಣವೂ ಉಳಿದಿರಲಿಲ್ಲ. ಬಾಟಲಿಯನ್ನು ಕಾಂಪೌಂಡಿನ ಮೇಲಿಟ್ಟಳು.

"ಒಳಗೆ ಬನ್ನಿ ಮಾಮ. ಹೊರೋಕೆ ಜನ ಇಲ್ಲ."

"ಬೂಟು ಒದ್ದೆ ಇದೆ."

"ಇರಲಿ, ಹಾಗೇ ಬನ್ನಿ."

ಅವರು ಬಂದರು. ಅವರ ಜೊತೆಗೇ ಕೊಳಚೆಯ ವಾಸನೆಯೂ ಒಳಗೆ ಬಂದು, ಮುಲಾಮಿನ ವಾಸನೆಯೊಂದಿಗೆ ಸೇರಿ ನಿಂತಿತು. ಅಪ್ಪ ಕಣ್ಣು ತೆರೆದ. ಹಿರಿಯವನು ಅವನ ಹೆಗಲ ಮೇಲೆ ಕೈಯಿಟ್ಟು, ಪಂಪಿನ ಹತ್ತಿರ ಹೊಸಬರಿಬ್ಬರನ್ನು ಬಿಟ್ಟು ಬಂದಿರುವುದಾಗಿ ತಿಳಿಸಿದ. ಮೂರನೇ ಮೋಟಾರು ನೋಡ್ಕೊಳ್ಳೋಕೆ ಹೇಳಿದೀರಾ ಎಂದು ಅಪ್ಪ ಕೇಳಿದ. ಹೇಳಿದೀವಿ ಎಂದರು.

ನಾಲ್ವರೂ ಬಗ್ಗಿ, ಒಮ್ಮೆಲೇ ಎತ್ತಿದರು. ಅಮ್ಮ ಹಗುರವಾಗಿದ್ದಳು. ಓಲಾಡಿಸದೆ ಬಾಗಿಲು ದಾಟಿಸಿದರು. ಮಗ ಮುಂದೆ ಓಡಿ ಗೇಟು ಹಿಡಿದ.

ಅತ್ತಿಗೆ ನೆಲ ಒರೆಸುವ ಬಟ್ಟೆ ತಂದಳು. ಮಗಳು ಬೇಡವೆಂದು ಕೈ ಅಡ್ಡ ಹಿಡಿದಳು. ಮಂಚದಿಂದ ಬಾಗಿಲ ತನಕ ಬೂಟಿನ ಒದ್ದೆ ಗುರುತುಗಳು ಸಾಲಾಗಿ ಮೂಡಿದ್ದವು. ಅಪ್ಪ ಕುರ್ಚಿಯ ತೋಳು ಹಿಡಿದು ಎದ್ದ. ಯಾರ ಆಸರೆಯನ್ನೂ ಕೇಳದೆ ಬರಿಗಾಲನ್ನು ಮೊದಲ ಗುರುತಿನ ಮೇಲಿಟ್ಟ, ಆಮೇಲೆ ಮುಂದಿನದರ ಮೇಲೆ, ಅದರ ಮುಂದಿನದರ ಮೇಲೆ, ಹೀಗೆ ಒಂದನ್ನೂ ತಪ್ಪಿಸದೆ ಹೊರಗೆ ನಡೆದ.