ಇನ್ನೊಂದು ಆದಿವಾಲ

ಆದಿವಾಲದ ಪಾಲಯ್ಯನ ಮೊದಲ ಹೆಂಡತಿ ಕಾಳಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಹಿರಿಯೂರಿನ ಆಸ್ಪತ್ರೆಗೆ ಗಾಡಿ ಕಟ್ಟು ಎಂದು ಸೂಲಗಿತ್ತಿ ಹೇಳಿದ್ದಳು. “ಕುರಿ ರೊಪ್ಪ ಸೇರ್ಲಿ, ಆಮೇಲೆ ಹೋಗಾಣ” ಎಂದಿದ್ದ ಪಾಲಯ್ಯ. ಕುರಿ ದೊಡ್ಡಿಗೆ ಬರುವಷ್ಟರಲ್ಲಿ ತಾಯಿ ಮಗು ಇಬ್ಬರೂ ಇರಲಿಲ್ಲ.

ಕೆಲವು ವರ್ಷದ ಮೇಲೆ ಹಿರಿಯರು ಹರಿಯಬ್ಬೆಯ ವೀರಮ್ಮನನ್ನು ತಂದರು. ಗಂಡ ಬಿಟ್ಟ ಮೇಲೆ ಅಣ್ಣ ಓಬಣ್ಣನ ಮನೆಯಲ್ಲಿ ಅತ್ತಿಗೆಯ ಮಾತು ನುಂಗಿಕೊಂಡಿದ್ದವಳು. ಪಾಲಯ್ಯ ಬೈಯುವವನಲ್ಲ, ಹೊಡೆಯುವವನಲ್ಲ. ಇಂಥ ಮನೆ ಸಿಕ್ಕಿತಲ್ಲ ಎಂದು ಅವಳು ಎಳೆ ಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಸಾಕಿದಳು.

ಎಪ್ಪತ್ತೇಳನೇ ಇಸವಿಯಲ್ಲಿ ರೇಡಿಯೋದಲ್ಲಿ ಪ್ರತಿ ಭಾನುವಾರ ಸಂಜೆ ಒಂದು ಧಾರಾವಾಹಿ ನಾಟಕ ಬರತೊಡಗಿತು. ಒಬ್ಬ ವಿಜ್ಞಾನಿ ಯಂತ್ರವೊಂದನ್ನು ಹತ್ತಿ ಇನ್ನೊಂದು ಭೂಮಿಗೆ ಹೋಗುತ್ತಾನೆ. ಅಲ್ಲಿಯೂ ಇದೇ ಊರು, ಇದೇ ಜನ. ಆದರೆ ಇಲ್ಲಿ ಕೆರೆಯಲ್ಲಿ ಮುಳುಗಿ ಸತ್ತ ಅವನ ಮಗಳು ಅಲ್ಲಿ ಬದುಕಿದ್ದಾಳೆ. ಕುರಿ ಮೇಯಿಸುವಾಗಲೂ ಹೆಗಲಿಂದ ಟ್ರಾನ್ಸಿಸ್ಟರ್ ಇಳಿಸದ ಪಾಲಯ್ಯ ಒಂದು ವಾರವನ್ನೂ ತಪ್ಪಿಸಲಿಲ್ಲ.

ಉಣ್ಣೆ ಕೊಳ್ಳಲು ಹಿರಿಯೂರಿನಿಂದ ಬರುತ್ತಿದ್ದ ತಾಜುದ್ದೀನನನ್ನು ಅವನು ಕೇಳಿದ. “ಸಾಬ್ರೇ, ಹಂಗಾದ್ರೆ ಇನ್ನೊಂದು ಆದಿವಾಲ ಐತಾ?”

“ಕತೆ ಅಲ್ವೇನಪ್ಪ ಅದು.”

“ಇದ್ರೆ, ಅಲ್ಲಿ ನಾನು ಗಾಡಿ ಕಟ್ಟಿರ್ತೀನಲ್ವಾ?”

ತಾಜುದ್ದೀನ್ ಚೀಲಕ್ಕೆ ಉಣ್ಣೆ ತುರುಕುತ್ತ ಅವನ ಮುಖ ನೋಡಿದ. ಇಲ್ಲ ಎನ್ನಲು ಮನಸ್ಸಾಗಲಿಲ್ಲ. “ಕಟ್ಟಿರ್ತೀಯ ಬಿಡು” ಎಂದ.

ಅಂದಿನಿಂದ ಪಾಲಯ್ಯ ಆ ಕಡೆಯೇ ಬಾಳತೊಡಗಿದ. ಉಣ್ಣುವಾಗ, “ಅಲ್ಲಿ ಹುಡುಗ ಇಷ್ಟೊತ್ತಿಗೆ ಇಸ್ಕೂಲಿಂದ ಬಂದಿರ್ತಾನೆ” ಎನ್ನುವನು. ಸೌದೆ ಒಡೆಯುವಾಗ, ಕಾಳಕ್ಕನಿಗೆ ಈಗ ಸೊಂಟ ನೋವಿರಬಹುದು ಎಂದು ಚಿಂತಿಸುವನು. ವೀರಮ್ಮ ಮೊದಮೊದಲು ಹೂಂಗುಟ್ಟಿದಳು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪ ಎಂದುಕೊಂಡಳು.

ಒಂದು ಮಧ್ಯಾಹ್ನ ಮರಿಗೆ ಹಾಲು ಕುಡಿಸುತ್ತ ಕೇಳಿದಳು. “ಅಲ್ಲಿ ನಾನೆಲ್ಲಿರ್ತೀನಿ?”

ಅವನು ಅದನ್ನು ಯೋಚಿಸಿರಲಿಲ್ಲ. ಈಗ ಪ್ರಾಮಾಣಿಕವಾಗಿ ಯೋಚಿಸಿದ. “ಕಾಳಕ್ಕ ಇದ್ದಮ್ಯಾಲೆ ನಿನ್ನ ಯಾರು ತರ್ತಾರೆ? ನಿಮ್ಮಣ್ಣನ ಮನ್ಯಾಗೇ ಇರ್ತೀಯ.”

“ದಾರ್ಯಾಗೆ ಕಂಡ್ರೆ ಮಾತಾಡಿಸ್ತೀಯಾ?”

“ಗುರುತಿರಾದಿಲ್ವಲ್ಲ.”

ವೀರಮ್ಮ ಮರಿಯನ್ನು ಕೆಳಗೆ ಬಿಟ್ಟು ಎದ್ದುಹೋದಳು.

ನಾಟಕ ಮುಗಿಯುವ ಭಾನುವಾರ ವಿಜ್ಞಾನಿಯ ಯಂತ್ರ ಸುಟ್ಟುಹೋಯಿತು. ಮತ್ತೆಂದೂ ಮಗಳನ್ನು ನೋಡಲಾರದೆ ಅವನು ಇಲ್ಲಿಯೇ ಉಳಿದ. ಇನ್ನಾದರೂ ಗಂಡನ ಮನಸ್ಸು ಈ ಮನೆಗೆ ಮರಳುತ್ತದೆಂದು ವೀರಮ್ಮ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಪಾಲಯ್ಯ ತಟ್ಟೆ ಮುಟ್ಟಲಿಲ್ಲ. “ಯಂತ್ರ ಹೋದ್ರೆ ಹೋಯ್ತು, ಅವರು ಅಲ್ಲಿ ಇದ್ದೇ ಇರ್ತಾರಲ್ಲ” ಎಂದ.

ಮರುದಿನ ಅವಳು ಸೀರೆ ಗಂಟು ಕಟ್ಟಿದಳು. “ನೀನಿರೋದು ಆ ಕಡೆ. ಆ ಕಡೆ ನನಗೆ ಈ ಮನ್ಯಾಗೆ ಜಾಗ ಇಲ್ಲ” ಎಂದಳು. ಪಾಲಯ್ಯ ಗಂಟು ಹೊತ್ತು ಬಸ್ಸಿನವರೆಗೆ ಬಂದ. ಇರು ಎನ್ನಲಿಲ್ಲ. ಕರೆತರಲೂ ಹೋಗಲಿಲ್ಲ.

ಸುದ್ದಿ ಕೇಳಿ ತಾಜುದ್ದೀನ್ ಹರಿಯಬ್ಬೆಗೆ ಹೋದ. ತನ್ನ ಮಾತಿನಿಂದಲೇ ಹೀಗಾಯಿತೆಂದು ಅವನಿಗೆ ಸಂಕಟ. “ಬಾ ತಂಗಿ, ಅವನು ಒಳ್ಳೇನು” ಎಂದ.

“ಒಳ್ಳೇನೇ ಸಾಬ್ರೇ. ಹೊಡೆಯೋ ಗಂಡನಾದ್ರೆ ನಾನು ಇದೀನಿ ಅಂತನಾದ್ರೂ ಅವನಿಗೆ ಗೊತ್ತಿರ್ತಿತ್ತು.”

ಒಳಗಿನಿಂದ ಅತ್ತಿಗೆ ಕೂಗಿದಳು, ಕೊಟ್ಟಿಗೆ ಇನ್ನೂ ಬಳಿದಿಲ್ಲವೆಂದು. ವೀರಮ್ಮ ಅವನಿಗೆ ಒಂದು ಲೋಟ ನೀರು ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು.